ಪರದೆ ಯಾವುದು, ಪ್ಲಗ್ ಎಲ್ಲಿ?

ಪ್ರಶ್ನೆ: ಸರ್, ನನಗೆ 19 ವರ್ಷ, ಡಿಪ್ಲೊಮಾ ಕೊನೆಯ ವರ್ಷ. ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ. ಎರಡು ವರ್ಷ ಅಡಿಕೆ ಕೊಯ್ಲಿನಲ್ಲಿ ದುಡಿದದ್ದು, ಅಪ್ಪ ಕೊಟ್ಟದ್ದು ಸೇರಿ 65 ಸಾವಿರ ರೂಪಾಯಿ ಇದೆ. ಮೊದಲ ಗೇಮಿಂಗ್ ಪಿಸಿಯನ್ನು ನಾನೇ ಜೋಡಿಸಬೇಕು ಅಂತ ಆಸೆ. ವ್ಯಾಲರಂಟ್ ಮತ್ತು ಜಿಟಿಎ 5 ಆಡುತ್ತೇನೆ, ಮುಂದೆ ದೊಡ್ಡ ಗೇಮ್‌ಗಳನ್ನೂ ಆಡಬೇಕು. ಒಂದು ಅಂಗಡಿಯಲ್ಲಿ ಕೊಟ್ಟ ಕೊಟೇಶನ್ ಹೀಗಿದೆ: ರೈಜನ್ 7 5700ಎಕ್ಸ್ ಪ್ರೊಸೆಸರ್, ಒಂದೇ ಸ್ಟಿಕ್ಕಿನ 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, ಜಿಟಿಎಕ್ಸ್ 1650 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ಲೈಟಿನ ಗಾಜಿನ ಕ್ಯಾಬಿನೆಟ್, '600 ವ್ಯಾಟ್' ಎಸ್‌ಎಂಪಿಎಸ್. ಮಾನಿಟರ್ ಬದಲು ಮನೆಯಲ್ಲಿರುವ 32 ಇಂಚಿನ ಟಿವಿ ಸಾಕು ಅಂದರು. ತೆಗೆದುಕೊಳ್ಳಬಹುದೇ?

ಉತ್ತರ: ತಮ್ಮಾ, ವಯಸ್ಸು ಹೇಳಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಕೊಟೇಶನ್ ಕಡೆ ಆಮೇಲೆ ಬರೋಣ. ಶಿವಮೊಗ್ಗದಲ್ಲಿ 22 ವರ್ಷ ರಿಪೇರಿ ಅಂಗಡಿ ಇಟ್ಟಿದ್ದವನು ನಾನು. ಹೊಸ ಕಂಪ್ಯೂಟರ್ ಬೇಕು ಅಂತ ಯಾರೇ ಬಂದರೂ ಮೊದಲು ಕೇಳುತ್ತಿದ್ದದ್ದು ಎರಡೇ. ಯಾವ ಪರದೆಯಲ್ಲಿ ನೋಡುತ್ತೀರಿ, ಯಾವ ಪ್ಲಗ್ಗಿಗೆ ಹಾಕುತ್ತೀರಿ? ಈ ಎರಡು ತುದಿ ಗೊತ್ತಾದರೆ ನಡುವೆ ಏನು ಕೂರಿಸಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ನಿನ್ನ ಕೊಟೇಶನ್ನಿನಲ್ಲಿ ಎರಡು ತುದಿಯೂ ಸಡಿಲ.

ಪರದೆಯಿಂದಲೇ ಶುರು ಮಾಡೋಣ. 32 ಇಂಚಿನ ಬಹುತೇಕ ಹಳೆ ಟಿವಿಗಳು 1366 ಬೈ 768ರವು. ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುತ್ತವೆ. ಜೊತೆಗೆ, ಬಂದ ಚಿತ್ರವನ್ನು ಚಂದ ಮಾಡಲು ಟಿವಿ ಒಳಗೊಳಗೇ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಧಾರಾವಾಹಿ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ವ್ಯಾಲರಂಟ್ ಆಡುವವನಿಗೆ ಹಾಗಲ್ಲ, ಮೌಸ್ ಒತ್ತಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವಿನ ಆ ಚೂರು ಅಂತರ ಸಿಟ್ಟು ಬರಿಸುತ್ತದೆ. ಆ ಟಿವಿಗೆ ಎಂಟು ಕೋರಿನ ಪ್ರೊಸೆಸರ್ ಜೋಡಿಸಿ ಏನು ಪ್ರಯೋಜನ? 24 ಇಂಚಿನ, 1920 ಬೈ 1080ರ, 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವುದು) ಅಥವಾ ಅದಕ್ಕಿಂತ ಜಾಸ್ತಿ ಇರುವ ಮಾನಿಟರಿಗೆ ಮೊದಲು ದುಡ್ಡು ಎತ್ತಿಡು. ಪ್ರೊಸೆಸರ್ ನಾಲ್ಕೈದು ವರ್ಷಕ್ಕೆ ಹಳತಾಗಬಹುದು. ಮಾನಿಟರ್ ಮುಂದಿನ ಪಿಸಿಗೂ ಬರುತ್ತದೆ.

ಇನ್ನು ಪ್ಲಗ್. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹಳೆ ಮಲೆನಾಡು ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ವೈರೇ ಇರುವುದಿಲ್ಲ. ಅಂಥ ಕಡೆ ಕಂಪ್ಯೂಟರ್ ಹಾಕಿ, ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ. ಟೆಸ್ಟರ್ ಇಟ್ಟರೆ ಹೊಳೆಯುತ್ತದೆ. ಕಂಪ್ಯೂಟರ್ ಕೆಟ್ಟಿದೆ ಅಂತ ಹೊತ್ತುಕೊಂಡು ಬಂದವರನ್ನು ಬಹಳ ನೋಡಿದ್ದೇನೆ. ಕೆಟ್ಟಿರುವುದಿಲ್ಲ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಇಳಿಸಿಕೊಡುವ ಡಬ್ಬಿ. ಅದರೊಳಗೆ ಕರೆಂಟಿನ ಗದ್ದಲ ಸೋಸಲು ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಕ್ಯಾಬಿನೆಟ್ಟಿನ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲ್ಲಿನಿಂದ ಅದೇ ಮೈಗೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಚೂರು ಕರೆಂಟು ನೆಲಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ಆ ಮೈ 230 ವೋಲ್ಟಿನ ಅರ್ಧದಷ್ಟರಲ್ಲಿ ತೂಗಾಡುತ್ತಿರುತ್ತದೆ. ಆ ಕರೆಂಟು ತೀರಾ ಸಣ್ಣದು. ಆದರೆ ನಿಜವಾದ ಲೀಕೇಜ್ ಆದ ದಿನ ಅದಕ್ಕೆ ದಾರಿ ನೀನೇ ಆಗುತ್ತೀಯ.

ಆದ್ದರಿಂದ ಬಿಡಿಭಾಗ ಬರುವ ಮೊದಲೇ ಊರಿನ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸು. ಗುಂಡಿ ತೋಡಿ, ಜಿಐ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ, ಅಲ್ಲಿಂದ ಆ ಒಂದು ಸಾಕೆಟ್ಟಿಗಾದರೂ ಸರಿಯಾದ ಅರ್ಥ್ ವೈರ್ ಎಳೆಸು. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕು. ಇದನ್ನೂ ಪಿಸಿ ಖರ್ಚಿನಲ್ಲೇ ಬರೆದುಕೋ.

ಸಿಡಿಲಿನ ವಿಷಯ ನಿನಗೆ ನಾನು ಹೇಳಬೇಕಾಗಿಲ್ಲ. ಏಪ್ರಿಲ್, ಮೇ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡು. ರೌಟರ್‌ನಿಂದ ಬಂದ ಲ್ಯಾನ್ ಕೇಬಲ್ಲನ್ನೂ ಕೀಳು. ಹೊರಗಿನ ಫೈಬರಿನಲ್ಲಿ ಕರೆಂಟು ಬರುವುದಿಲ್ಲ, ನಿಜ. ಆದರೆ ರೌಟರಿನ ಅಡಾಪ್ಟರ್ ಮನೆಯ ಲೈನಿನಲ್ಲೇ ಇರುತ್ತದಲ್ವಾ? ಅಲ್ಲಿಂದ ಹೊಕ್ಕು ಲ್ಯಾನ್ ದಾರಿಯಲ್ಲಿ ಮದರ್‌ಬೋರ್ಡಿಗೆ ಬಂದದ್ದನ್ನು ನಾನೇ ರಿಪೇರಿ ಮೇಜಿನ ಮೇಲೆ ನೋಡಿದ್ದೇನೆ.

ಈಗ ಆ '600 ವ್ಯಾಟ್' ಎಸ್‌ಎಂಪಿಎಸ್. ಅಂಗಡಿ ಶುರು ಮಾಡಿದ ಹೊಸತರಲ್ಲಿ ನಾನೂ ಅಂಥದ್ದನ್ನೇ ಹಾಕುತ್ತಿದ್ದೆ. ಅಗ್ಗ, ಲಾಭವೂ ಜಾಸ್ತಿ. ಒಬ್ಬ ಫೋಟೊ ಸ್ಟುಡಿಯೊದವರಿಗೆ ಹಾಕಿಕೊಟ್ಟೆ. ಒಂದು ಸಂಜೆ ವೋಲ್ಟೇಜ್ ಎದ್ದು ಬಿದ್ದು ಮಾಡಿ ಎಸ್‌ಎಂಪಿಎಸ್ ಢಂ ಅಂತು. ಹೋಗುವಾಗ ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಡಿಸ್ಕಿನಲ್ಲಿ ಇನ್ನೂ ಆಲ್ಬಂ ಮಾಡದ ಎರಡು ಮದುವೆಗಳಿದ್ದವು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಬಹುದು. ಎಸ್‌ಎಂಪಿಎಸ್ ಮೈಮೇಲಿನ ಚೀಟಿಯಲ್ಲಿ 12 ವೋಲ್ಟ್ ಅಂತ ಇರುವ ಕಡೆ ಎಷ್ಟು ಆಂಪಿಯರ್ ಬರೆದಿದೆ ನೋಡಿ 12ರಿಂದ ಗುಣಿಸು. ಪ್ರೊಸೆಸರ್, ಗ್ರಾಫಿಕ್ಸ್ ಎರಡೂ ಉಣ್ಣುವುದು ಆ ಲೈನಿನಿಂದ. 18 ಆಂಪಿಯರ್ ಇದ್ದರೆ ಸಿಗುವುದು 216 ವ್ಯಾಟ್, ಡಬ್ಬಿಯ ಮೇಲೆ 600 ಅಂತ ಎಷ್ಟು ದಪ್ಪಗೆ ಬರೆದಿದ್ದರೂ ಅಷ್ಟೇ. ಪ್ರಾಮಾಣಿಕವಾದ 550 ವ್ಯಾಟಿನದರಲ್ಲಿ ಅದು 40 ಆಂಪಿಯರ್ ಮೇಲೆ ಇರುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಹೋಗುವ 6+2 ಪಿನ್ನಿನ ವೈರ್ ಅದರಿಂದಲೇ ಹೊರಟಿರಬೇಕು. 'ಕನ್ವರ್ಟರ್ ಕೊಡ್ತೀವಿ ಬಿಡಿ' ಅಂದರೆ ನಕ್ಕು ಎದ್ದು ಬಾ. ಆ ಕನ್ವರ್ಟರ್‌ಗಳ ಪ್ಲಾಸ್ಟಿಕ್ ಕರಗಿದ ವಾಸನೆ ನನಗೆ ಇನ್ನೂ ನೆನಪಿದೆ. 80 ಪ್ಲಸ್ ಬ್ರಾಂಜ್ ಗುರುತಿನ (ಕರೆಂಟು ಕಡಿಮೆ ಪೋಲು ಮಾಡುತ್ತದೆ ಅನ್ನುವ ಗುರುತು), ಐದು ವರ್ಷ ವಾರಂಟಿಯ 550 ವ್ಯಾಟ್ ನಿನಗೆ ಧಾರಾಳ ಸಾಕು.

ಇನ್ನು ನಡುವಿನ ಭಾಗ, ಬೇಗ ಮುಗಿಸೋಣ. 5700ಎಕ್ಸ್ ಕೆಟ್ಟ ಪ್ರೊಸೆಸರ್ ಅಲ್ಲ. ಆದರೆ ಅದರ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ನಿನ್ನ ಕೊಟೇಶನ್ನಿನಲ್ಲೂ ಕೂಲರ್ ಕಾಣಲಿಲ್ಲ! ಎಂಟು ಕೋರ್ ಕಟ್ಟಿಕೊಂಡು 2019ರ 4 ಜಿಬಿ ಕಾರ್ಡ್ ಹಾಕುವುದು ದೊಡ್ಡ ಎತ್ತಿಗೆ ಸಣ್ಣ ಕರು ಜೊತೆ ಮಾಡಿ ನೊಗ ಹೂಡಿದ ಹಾಗೆ. ಗೇಮಿಗೆ ಆರು ಕೋರ್ ಸಾಕು. ಉಳಿದ ದುಡ್ಡನ್ನು ಗ್ರಾಫಿಕ್ಸ್‌ಗೆ ಸುರಿ. 8 ಜಿಬಿಯ ಆರ್‌ಎಕ್ಸ್ 6600 ನೋಡು. ಒಟ್ಟು ದುಡ್ಡಿನಲ್ಲಿ ಮೂರನೇ ಒಂದು ಪಾಲು ಅದೊಂದಕ್ಕೇ ಹೋದರೂ ಹೊಟ್ಟೆ ಉರಿಸಿಕೊಳ್ಳಬೇಡ. 132 ವ್ಯಾಟ್ ಮಾತ್ರ ಎಳೆಯುತ್ತದೆ, 1080ಕ್ಕೆ ಹೇಳಿ ಮಾಡಿಸಿದ ಕಾರ್ಡ್.

ಪ್ರೊಸೆಸರ್ ವಿಷಯದಲ್ಲಿ ನನ್ನದೊಂದು ಹಟ ಇದೆ, ಬೆಂಗಳೂರಿನ ಹುಡುಗರು ಒಪ್ಪುವುದಿಲ್ಲ. ಅವರು ಐ5-12400ಎಫ್ ತೆಗೆದುಕೋ ಅನ್ನುತ್ತಾರೆ. ನಾನು ಕೊನೆಯ ಆ ಎಫ್ ಇಲ್ಲದ ಐ5-12400 ತೆಗೆದುಕೋ ಅನ್ನುತ್ತೇನೆ. ಎಫ್ ಇದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ಅದಕ್ಕೇ ಸ್ವಲ್ಪ ಅಗ್ಗ. ನಾಳೆ ನಿನ್ನ ಕಾರ್ಡ್ ಕೆಟ್ಟು ವಾರಂಟಿಗೆ ಬೆಂಗಳೂರಿಗೆ ಹೋದರೆ ಬರಲು ವಾರಗಟ್ಟಲೆ ಹಿಡಿಯಬಹುದು. ಅಷ್ಟು ದಿನ ಕಪ್ಪು ಪರದೆ ನೋಡುತ್ತಾ ಕೂರುತ್ತೀಯಾ? ಎಫ್ ಇಲ್ಲದ್ದರಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಆದರೂ ಬರೆಯಬಹುದು. ಡಬ್ಬಿಯಲ್ಲಿ ಕೂಲರೂ ಬರುತ್ತದೆ. ಬೋರ್ಡ್ ಎಚ್610 ಸಾಕು, ಆದರೆ ಡಿಡಿಆರ್4ದೋ ಡಿಡಿಆರ್5ದೋ ಕೇಳಿ ರ್‍ಯಾಮ್ ಅದಕ್ಕೆ ಹೊಂದಿಸು. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ.

ರ್‍ಯಾಮ್ ಎರಡು ಸ್ಟಿಕ್ ತೆಗೆದುಕೋ, 8 ಮತ್ತು 8. ಒಂದೇ ಸ್ಟಿಕ್ ಅಂದರೆ ಎರಡು ಲೇನಿನ ರಸ್ತೆಯಲ್ಲಿ ಒಂದನ್ನು ಮುಚ್ಚಿದ ಹಾಗೆ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಅಡಿಕೆ ಧಾರಣೆಯ ಹಾಗೆ ಕುಣಿಯುತ್ತಿದೆ. ಎಐ ಕೇಂದ್ರಗಳಿಗೆ ಬೇಕಾದ ಮೆಮೊರಿ ಮಾಡುವುದರಲ್ಲೇ ಕಂಪನಿಗಳಿಗೆ ಲಾಭ ಜಾಸ್ತಿ, ನಮ್ಮಂಥವರಿಗೆ ಉಳಿದದ್ದು. ಹಾಗಾಗಿ ಕೊಟೇಶನ್ ಹಳೆಯದಾಗಲು ಬಿಡಬೇಡ. 65 ಸಾವಿರ ದಾಟಿತು ಅನ್ನು, ಆಗ ಎಸ್‌ಎಸ್‌ಡಿ 512ರಲ್ಲೇ ನಿಲ್ಲಿಸು, ಲೈಟಿನ ಕ್ಯಾಬಿನೆಟ್ ಬಿಡು. ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್ಟೇ ತಂಪು. ಮುಂಭಾಗ ಗಾಜು ಮುಚ್ಚಿದರೆ ಗಾಳಿ ಎಲ್ಲಿಂದ ಬರಬೇಕು? ಹಿಂದಿನ ಖಾಲಿ ಸ್ಲಾಟುಗಳಿಗೆ ಮಾತ್ರ ಮುಚ್ಚಳ ಹಾಕು, ಬೆಚ್ಚಗಿದೆ ಅಂತ ಹಲ್ಲಿ ಸಂಸಾರ ಹೂಡುತ್ತದೆ. ಮಳೆಗಾಲದಲ್ಲಿ ಆಡದಿದ್ದರೂ ದಿನಾ ಅರ್ಧ ಗಂಟೆ ಆನ್ ಮಾಡಿಡು, ಒಳಗಿನ ಥಂಡಿ ಆರಲಿ.

ಜೋಡಿಸುವುದು ನೀನೇ ಮಾಡು, ಹೆದರಬೇಡ. ಮೊದಲ ಸಲ ಎಲ್ಲರೂ ಮಾಡುವ ತಪ್ಪು ಮಾತ್ರ ಹೇಳಿಬಿಡುತ್ತೇನೆ. ಎಚ್‌ಡಿಎಂಐ ಕೇಬಲ್ಲನ್ನು ಮದರ್‌ಬೋರ್ಡಿಗೆ ಚುಚ್ಚುತ್ತಾರೆ. ಎಫ್ ಇದ್ದಿದ್ದರೆ ಚಿತ್ರವೇ ಬರದೆ ತಪ್ಪು ತಕ್ಷಣ ಗೊತ್ತಾಗುತ್ತಿತ್ತು. ನನ್ನ ಮಾತು ಕೇಳಿ ಎಫ್ ಇಲ್ಲದ್ದು ತಂದರೆ ಚಿತ್ರ ಬರಬಹುದು, ಗೇಮ್ ಮಾತ್ರ ತೆವಳಬಹುದು, ಆಗ ನೀನು ನನಗೆ ಬೈದು ಪತ್ರ ಬರೆಯುತ್ತೀಯ. ಕೇಬಲ್ ಕೆಳಗಿನ ಕಾರ್ಡಿಗೇ ಹೋಗಬೇಕು. ಆಮೇಲೆ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ಸಿಗುವ ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ ಆನ್ ಮಾಡು, ಇಲ್ಲದಿದ್ದರೆ ರ್‍ಯಾಮ್ ತನ್ನ ಪೂರ್ತಿ ವೇಗಕ್ಕೆ ಬರದೆ ಇರಬಹುದು. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 60 ಇದ್ದದ್ದನ್ನು 144ಕ್ಕೆ ಬದಲಿಸು. ವಿಂಡೋಸ್ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೆಟ್ಟಿಂಗ್‌ಗಳೂ ಆನ್ ಇರಬೇಕು. ಅದೂ ಬಯಾಸಿನಲ್ಲೇ.

ಪ್ರಶ್ನೆ: ಪಿಯುಸಿ ಓದುವ ಮಗ ಆನ್‌ಲೈನಿನಲ್ಲಿ ಒಂದು ಜಾಹೀರಾತು ತೋರಿಸುತ್ತಿದ್ದಾನೆ. 'ಐ7 ಗೇಮಿಂಗ್ ಪಿಸಿ, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್, ಬರೀ 24,999.' ಐ7 ಅಂದರೆ ಎಲ್ಲಕ್ಕಿಂತ ದೊಡ್ಡದಂತೆ. ಕೊಡಿಸಬಹುದಾ? (ಓದುಗರಾದ ತಾಯಿ, ದಾವಣಗೆರೆ)

ಉತ್ತರ: ಅಮ್ಮಾ, ಐ7 ಮುಂದಿನ ನಂಬರ್ ಏನು ಅಂತ ಕೇಳಿ. ಜಾಹೀರಾತಿನಲ್ಲಿ ಅದನ್ನು ಬರೆದೇ ಇರುವುದಿಲ್ಲ. ಕೇಳಿದರೆ ಹೆಚ್ಚಾಗಿ 2600 ಅಥವಾ 3770 ಅನ್ನುತ್ತಾರೆ. ಇಂಥ ನಾಲ್ಕಂಕಿಯ ನಂಬರಿನಲ್ಲಿ ಮೊದಲ ಅಂಕಿ ತಲೆಮಾರು. 3 ಅಂದರೆ ಮೂರನೇ ತಲೆಮಾರು, 2012ರದ್ದು. ಹತ್ತು ಹನ್ನೆರಡು ವರ್ಷ ಯಾವುದೋ ಆಫೀಸಿನಲ್ಲಿ ದುಡಿದು ಬಂದು, ಈಗ ಬಣ್ಣದ ಲೈಟ್ ಹಾಕಿಕೊಂಡು ನಿಂತಿದೆ. ಬೆಳ್ಳಿ ಅಂತ ಹೇಳಿ ಬೆಳ್ಳಿ ಲೇಪ ಕೊಟ್ಟ ಹಾಗೆ.

ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್ 8ನೇ ತಲೆಮಾರಿನಿಂದ ಈಚೆಗಿನದನ್ನು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇನ್ನು '4 ಜಿಬಿ ಗ್ರಾಫಿಕ್ಸ್' ಅಂದರೆ ಹೆಚ್ಚಾಗಿ ಜಿಟಿ 730 ಎಂಬ 2014ರ ಕಾರ್ಡ್. 4 ಜಿಬಿ ಅನ್ನುವುದು ಅದರ ಚೀಲದ ಅಳತೆ, ಓಟದ ವೇಗ ಅಲ್ಲ. ಅಷ್ಟೇ ದುಡ್ಡಿನಲ್ಲಿ ಇರುವುದಾದರೆ ಐ3-12100 ಹಾಕಿ, ಕಾರ್ಡ್ ಸದ್ಯಕ್ಕೆ ಬಿಟ್ಟು, ಸರಿಯಾದ ಎಸ್‌ಎಂಪಿಎಸ್ ಜೊತೆ ಕೊಡಿಸಿ. ಆ ಐ3 ಈ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಮಗ ಮುಖ ಊದಿಸಿಕೊಳ್ಳುತ್ತಾನೆ. ಪರೀಕ್ಷೆ ಮುಗಿದ ಮೇಲೆ ಕಾರ್ಡ್ ಅಂತ ಹೇಳಿ ನೋಡಿ.

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕಂತ ಇದ್ದೇನೆ. ಹಳೆ ಆರ್‌ಎಕ್ಸ್ 580 ಕಾರ್ಡ್ ಅಗ್ಗಕ್ಕೆ ಸಿಗುತ್ತದಂತೆ. ತರಲೇ? (ಒಬ್ಬ ಓದುಗ, ಹುಬ್ಬಳ್ಳಿ)

ಉತ್ತರ: ಭಾನುವಾರ ಹೋಗಬೇಡಿ, ಬಹುತೇಕ ಅಂಗಡಿ ಬಾಗಿಲು ಹಾಕಿರುತ್ತವೆ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಹೊಸ ಭಾಗ ಏನೇ ತಂದರೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಮೆಟ್ಟಿಲು ಇಳಿಯಬೇಡಿ. 18 ಪರ್ಸೆಂಟ್ ಉಳಿಸುತ್ತೇವೆ ಅನ್ನುವ ಆಸೆಗೆ ಬಿದ್ದರೆ ವಾರಂಟಿ ಹೊತ್ತಿಗೆ ಅಳಬೇಕಾಗುತ್ತದೆ.

580ರಲ್ಲಿ ಎರಡು ಜಾತಿ ಇದೆ. 2017ರ ಅಸಲಿಯಲ್ಲಿ 2304 ಶೇಡರ್, ಅಂದರೆ ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳು. ಚೀನಾ ಮಾರುಕಟ್ಟೆಗೆ ಮಾಡಿದ '2048ಎಸ್‌ಪಿ' ಎಂಬುದು ಹೆಸರಿಗೆ 580, ಕೆಲಸದಲ್ಲಿ 570. ಅಗ್ಗಕ್ಕೆ ಸಿಗುವುದು ಬಹಳ ಸಲ ಅದೇ. ಅದರ ಮೇಲೆ, 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಮೈನಿಂಗ್ (ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಲ್ಲುವವರೆಗೆ ಹಗಲೂ ರಾತ್ರಿ ಬೆಂದು ಬಂದ ಕಾರ್ಡುಗಳು ಬೇಕಾದಷ್ಟಿವೆ. ಅಂಗಡಿಯ ಪಿಸಿಯಲ್ಲೇ ಹಾಕಿಸಿ, ಕಾರ್ಡಿನ ವಿವರ ತೋರಿಸುವ ಜಿಪಿಯು-ಜಡ್ ಎಂಬ ಸಾಫ್ಟ್‌ವೇರ್ ತೆರೆದು ಶೇಡರ್ ಸಂಖ್ಯೆ ನೋಡಿ, ಯಾವುದಾದರೂ ಗೇಮ್ ಅರ್ಧ ಗಂಟೆ ಓಡಿಸಿ. ಅಷ್ಟು ಹೊತ್ತು ನಿಲ್ಲಲು ಬಿಡದ ಅಂಗಡಿಯಾದರೆ ಪಕ್ಕದಲ್ಲಿ ಇನ್ನೊಂದು ಇದ್ದೇ ಇರುತ್ತದೆ, ಅದು ಎಸ್.ಪಿ. ರೋಡ್.