ಸೈಕಿಯಾಟ್ರಿಯಲ್ಲಿ ಕಾಯಿಲೆ, ಔಷಧಿ ಓದಿದರೆ ಸಾಕಾ? ಮಾನಸಿಕ ಆರೋಗ್ಯ ಕಾಯಿದೆ ಬಿಟ್ಟರೆ ನಡೆಯುತ್ತಾ?

ಪರೀಕ್ಷೆಗೆ ನಡೆಯಬಹುದು. ಫೈನಲ್ ಇಯರ್‌ನಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಸ್ಕಿಜೋಫ್ರೇನಿಯಾ, ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ), ಡಿಪ್ರೆಶನ್, ಡೆಲಿರಿಯಂ ಗಟ್ಟಿ ಮಾಡಿಕೊಂಡರೆ ಆಯ್ತು, ಕಾಯಿದೆ ಲಾಯರ್‌ಗಳ ಪಾಡು ಅಂತ. ಪಾಸೂ ಆದೆ. ಏಟು ಬಿದ್ದಿದ್ದು ಇಂಟರ್ನ್‌ಶಿಪ್‌ನಲ್ಲಿ.

ಸೈಕಿಯಾಟ್ರಿ ವಾರ್ಡ್, ರಾತ್ರಿ ಡ್ಯೂಟಿ. ಬೈಪೋಲಾರ್ ಇದ್ದ ಒಬ್ಬರು, ನಿದ್ದೆ ಕಮ್ಮಿಯಾಗ್ತಿದೆ, ಮತ್ತೆ ಶುರುವಾಗ್ತಿದೆ ಅಂತ ತಾವೇ ಗುರುತಿಸಿ, ತಾವೇ ಬಂದು, ಸಹಿ ಹಾಕಿ ಅಡ್ಮಿಟ್ ಆಗಿದ್ದರು. ಅವತ್ತು ಇದ್ದಕ್ಕಿದ್ದಂತೆ ಬ್ಯಾಗ್ ಎತ್ತಿಕೊಂಡು ಮನೆಗೆ ಹೋಗ್ತೀನಿ ಅಂದರು. ಮಾತು ಜೋರಿತ್ತು, ನಿಜ. ಯಾರ ಮೇಲೂ ಕೈ ಮಾಡಿರಲಿಲ್ಲ. ನಾನು ಅವರ ಅಣ್ಣನಿಂದ ಕೇಸ್ ಶೀಟಿನಲ್ಲಿ ಸಹಿ ಹಾಕಿಸಿಕೊಂಡು, "ಮನೆಯವರೇ ಒಪ್ಪಿದ್ದಾರೆ, ನೀವು ಹೋಗೋ ಹಾಗಿಲ್ಲ" ಅಂತ ಬಾಗಿಲಿಗೆ ಬೀಗ ಹಾಕಿಸಿದೆ. ಸೀನಿಯರ್‌ಗೆ ಫೋನೂ ಮಾಡಲಿಲ್ಲ.

ಏನು ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ಆಗ ನನಗೆ ಹೇಳಿದವರಿಲ್ಲ. 2017ರ ಕಾಯಿದೆಯ ಸೆಕ್ಷನ್ 86ರಲ್ಲಿ ತಾವಾಗಿ ಸೇರಿದವರ ಒಪ್ಪಿಗೆ ಅವರದ್ದೇ, ಅಣ್ಣನ ಸಹಿಗೆ ಅಲ್ಲಿ ಬೆಲೆಯೇ ಇಲ್ಲ. ಅವರು ಹೋಗ್ತೀನಿ ಅಂದರೆ ಕಳಿಸಬೇಕು. ತಡೆಯಲೇಬೇಕಾದರೆ ಸೆಕ್ಷನ್ 88ರಲ್ಲಿ 24 ಗಂಟೆ ತಡೆಯಬಹುದು, ಅದೂ ತಮಗೆ ಅಥವಾ ಬೇರೆಯವರಿಗೆ ಅಪಾಯ ಮಾಡುವುದು, ತಮ್ಮನ್ನು ತಾವು ನೋಡಿಕೊಳ್ಳಲಾಗದಿರುವುದು ಇಂಥ ಕಾರಣ ಇದ್ದರೆ, ಅದೂ ಮೆಂಟಲ್ ಹೆಲ್ತ್ ಪ್ರೊಫೆಷನಲ್ (ಸೈಕಿಯಾಟ್ರಿಸ್ಟ್ ಥರದ ಮಾನಸಿಕ ಆರೋಗ್ಯ ತಜ್ಞರು) ತೀರ್ಮಾನಿಸಿದರೆ. ಇಂಟರ್ನ್‌ಗೆ ಆ ಅಧಿಕಾರವೇ ಇಲ್ಲ! ಆ 24 ಗಂಟೆಯೂ ಸುಮ್ನೆ ಕೂಡಿಹಾಕೋದಕ್ಕಲ್ಲ, ಸೆಕ್ಷನ್ 89ಕ್ಕೆ, ಅಂದರೆ ರೋಗಿ ತಾವಾಗಿ ಒಪ್ಪದಿದ್ದರೂ ಮಾಡುವ ಅಡ್ಮಿಷನ್ನಿಗೆ, ಹೊಂದುತ್ತಾರಾ ಅಂತ ನೋಡೋದಕ್ಕೆ. ಅದಕ್ಕೆ ನಾಮಿನೇಟೆಡ್ ರೆಪ್ರೆಸೆಂಟೇಟಿವ್ (ಕಾಯಿದೆ ಪ್ರಕಾರ ರೋಗಿಯ ಪ್ರತಿನಿಧಿ) ಅರ್ಜಿ ಬೇಕು, ಒಬ್ಬ ಸೈಕಿಯಾಟ್ರಿಸ್ಟ್ ಮತ್ತು ಇನ್ನೊಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಆಮೇಲೂ 30 ದಿನದ ಮಿತಿ. ನಾನು ಇಷ್ಟನ್ನೂ ಒಂದು ಸಹಿಯಲ್ಲಿ ಮುಗಿಸಿದ್ದೆ.

ಬೆಳಗ್ಗೆ ರೌಂಡ್ಸ್‌ನಲ್ಲಿ ಬೈಸಿಕೊಂಡೆ, ಪೋಸ್ಟಿಂಗ್ ಎಕ್ಸ್‌ಟೆಂಡ್ ಆಯ್ತು. ಅದು ಹೋಗಲಿ. ಆ ಮನುಷ್ಯ ಡಿಸ್ಚಾರ್ಜ್ ಆಗಿ ಹೋದವರು ಮತ್ತೆ ಫಾಲೋಅಪ್‌ಗೆ ಬರಲಿಲ್ಲ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಔಷಧಿ ಮೇಲಿದ್ದರು. ಕೊನೇ ಡೋಸ್ ಆಗಿ 12 ಗಂಟೆಗೆ ರಕ್ತ ತೆಗೆದು ಲೆವೆಲ್ ನೋಡಬೇಕು, ಕಿಡ್ನಿ, ಥೈರಾಯ್ಡ್ ನೋಡಬೇಕು ಅಂತೆಲ್ಲ ನನಗೆ ಬಾಯಿಪಾಠ ಬರುತ್ತಿತ್ತು. ರಕ್ತ ಕೊಡೋಕೆ ಅವರೇ ಬರದಿದ್ದರೆ ಏನು ಮಾಡುತ್ತೀರಿ?

ಹಾಗಾಗಿ "ಕಾಯಿಲೆ ಓದಲಾ, ಕಾಯಿದೆ ಓದಲಾ" ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮೇನಿಯಾ (ಬೈಪೋಲಾರ್ ಕಾಯಿಲೆಯ ಉದ್ರೇಕದ ಹಂತ) ಓದುವಾಗಲೇ 86ರಿಂದ 89 ಓದಿ, ಇಸಿಟಿ, ಅಂದರೆ ಮೆದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ, ಓದುವಾಗ 95 ಓದಿ (ಅರಿವಳಿಕೆ ಇಲ್ಲದೆ ಇಸಿಟಿ ಕೊಡೋದು, ರೋಗಿಯನ್ನು ಸರಪಳಿಯಲ್ಲಿ ಕಟ್ಟೋದು ಎರಡೂ ನಿಷೇಧ). ನಾನು ಸೈಕಿಯಾಟ್ರಿ ಪಿಜಿ ಮಾಡಲ್ಲ ಅನ್ನಬೇಡಿ. ತಾಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಇದ್ದಾಗ ತುರ್ತು ಚಿಕಿತ್ಸೆಗೆ ಸೆಕ್ಷನ್ 94 ಇದೆ, ಎಂಬಿಬಿಎಸ್ ಡಾಕ್ಟರ್ ಕೂಡ ಕೊಡಬಹುದು, ಹೆಚ್ಚೆಂದರೆ 72 ಗಂಟೆ. ವಿಷ ಕುಡಿದು ಕ್ಯಾಶುವಾಲ್ಟಿಗೆ ಬಂದವರನ್ನು ಕಳ್ಳನ ಥರ ವಿಚಾರಿಸುವವರನ್ನು ಈಗಲೂ ನೋಡುತ್ತೇನೆ. ಸೆಕ್ಷನ್ 115 ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಿ ಅನ್ನುತ್ತದೆ. ಆತ್ಮಹತ್ಯೆ ಯತ್ನವನ್ನು ಅಪರಾಧ ಅಂತಿದ್ದ ಐಪಿಸಿ 309 ಅಂತೂ 2024ರ ಜುಲೈಯಲ್ಲಿ ಐಪಿಸಿ ಜೊತೆಗೇ ಹೋಯ್ತು.

ಗೈಡ್ ಬೇಡ, ಕಾಯಿದೆಯನ್ನೇ ತೆರೆಯಿರಿ. 126 ಸೆಕ್ಷನ್‌ನಲ್ಲಿ ನಿಮಗೆ ಬೇಕಾಗಿದ್ದು ಒಂದು ಸಂಜೆಯ ಓದು. 4ರಿಂದ ಶುರು ಮಾಡಿ, ಅದು ಕೆಪಾಸಿಟಿ ಬಗ್ಗೆ, ಅಂದರೆ ತನ್ನ ಚಿಕಿತ್ಸೆಯ ತೀರ್ಮಾನ ತಾನೇ ತೆಗೆದುಕೊಳ್ಳುವ ಸಾಮರ್ಥ್ಯದ ಬಗ್ಗೆ. ಕೇಸ್ ಬರೆಯುವಾಗ ಕೊನೆಯಲ್ಲಿ ಇನ್‌ಸೈಟ್ (ತನಗೆ ಕಾಯಿಲೆ ಇದೆ ಅನ್ನೋ ಅರಿವು) ಅಂತ ಬರೆಯುತ್ತೀರಲ್ವಾ, ಅದರ ಕೆಳಗೆ ಕೆಪಾಸಿಟಿಯನ್ನೂ ಬರೆಯಿರಿ. ಇನ್‌ಸೈಟ್ ಇಲ್ಲ ಅಂದಮಾತ್ರಕ್ಕೆ ಕೆಪಾಸಿಟಿ ಇಲ್ಲ ಅಂತಲ್ಲ.