‘ತಿದ್ದಲಾಗಿದೆ’ ಎಂದಿದ್ದೀರಿ: ಯಾವುದನ್ನು, ಯಾವ ದಿಕ್ಕಿಗೆ?

ಆತ್ಮೀಯರೇ,

ಭೂಮಿ ಬಿಸಿಯಾಗುತ್ತಿರುವುದಕ್ಕೆ ಮನುಷ್ಯ ಕಾರಣನೇ ಎಂದು ಶಂಕಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಶಂಕೆಯ ಬರಹ ಎಂಬ ಕಾರಣಕ್ಕೆ ಇದನ್ನು ಹಿಂದಿರುಗಿಸುತ್ತಿಲ್ಲ. ಎರಡು ವಾಕ್ಯಗಳು ನನ್ನನ್ನು ಕೆರಳಿಸಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೂರನೇ ಪುಟ: ‘ಹಳೆಯ ತಾಪಮಾನದ ದಾಖಲೆಗಳನ್ನು ತಿದ್ದಿ ಏರಿಕೆಯನ್ನು ಸೃಷ್ಟಿಸಲಾಗಿದೆ.’ ಮಾಡಿದವರೇ ಇಲ್ಲದ ಕ್ರಿಯಾಪದ ಇದು. ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಇಂಥ ಪದ ಕಂಡಲ್ಲೆಲ್ಲ ಅಂಚಿನಲ್ಲಿ ‘ಯಾರು, ಯಾವುದನ್ನು, ಎಷ್ಟು?’ ಎಂದು ಬರೆಸುತ್ತಿದ್ದರು. ದಾಖಲೆ ತಿದ್ದಿರುವುದು ನಿಜ. ಹೇಗೆ ಎಂದು ನೀವು ನೋಡಿಲ್ಲ.

ಭೂಮಿಯ ಮೇಲ್ಮೈಯಲ್ಲಿ ಸುಮಾರು ಶೇ. 70 ಸಮುದ್ರ. ಎರಡನೇ ಮಹಾಯುದ್ಧದವರೆಗೆ ಹಡಗಿನವರು ಹೆಚ್ಚಾಗಿ ಬಕೆಟ್ ಇಳಿಬಿಟ್ಟು, ನೀರು ಸೇದಿ, ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡುತ್ತಿದ್ದರು. ಕ್ಯಾನ್ವಾಸ್ ಬಕೆಟ್ ಆದರೆ ಮೇಲೆ ಬರುವಷ್ಟರಲ್ಲಿ ಅದರ ಮೈಯ ತೇವ ಆರಿ ಒಳಗಿನ ನೀರೂ ತಣ್ಣಗಾಗುತ್ತಿತ್ತು. ಆಮೇಲೆ ಎಂಜಿನ್ ತಂಪಾಗಿಸಲು ಒಳಗೆಳೆದುಕೊಳ್ಳುವ ನೀರನ್ನೇ ಅಳೆಯತೊಡಗಿದರು. ಅದು ತುಸು ಹೆಚ್ಚು ತೋರಿಸುತ್ತದೆ. ಎರಡನ್ನೂ ಹಾಗೇ ಜೋಡಿಸಿದರೆ ಇಲ್ಲದ ಏರಿಕೆ ಕಾಣುತ್ತದೆ. ಅದಕ್ಕೇ ಹಳೆಯ ಅಂಕಿಗಳನ್ನು ಮೇಲಕ್ಕೆ ತಿದ್ದಿದರು. ನೆಲ, ಕಡಲು ಎರಡೂ ಸೇರಿದ ಜಾಗತಿಕ ಲೆಕ್ಕದಲ್ಲಿ ತಿದ್ದುಪಡಿಯಿಂದ ಶತಮಾನದ ಏರಿಕೆ ತಗ್ಗಿದೆ. ನಿಮ್ಮ ವಾಕ್ಯ ಹೇಳುವುದು ಇದಕ್ಕೆ ತದ್ವಿರುದ್ಧ.

ಏರಿಕೆಯನ್ನು ಹೆಚ್ಚಿಸಿದ ತಿದ್ದುಪಡಿಯೂ ಇದೆ. ಪ್ರಶ್ನಿಸುವುದಾದರೆ ಅದನ್ನು ಹಿಡಿಯಬೇಕಿತ್ತು. ಅಮೆರಿಕದ ಅನೇಕ ಠಾಣೆಗಳಲ್ಲಿ ಹಿಂದಿನ ಸಲ ಮರುಹೊಂದಿಸಿದಂದಿನಿಂದ ಕಂಡ ಅತಿ ಹೆಚ್ಚು, ಅತಿ ಕಡಿಮೆ ತಾಪವನ್ನು ಹಿಡಿದಿಡುವ ಗರಿಷ್ಠ–ಕನಿಷ್ಠ ಥರ್ಮಾಮೀಟರನ್ನು ಮೊದಲು ಸಂಜೆ ನೋಡಿ ಮರುಹೊಂದಿಸುತ್ತಿದ್ದರು. ಬಿಸಿ ದಿನದ ಸಂಜೆ ಹಾಗೆ ಮಾಡಿದರೆ ಅದೇ ಬಿಸಿ ಮರುದಿನದ ಗರಿಷ್ಠವಾಗಿಯೂ ಉಳಿಯಬಹುದು. ಬೆಳಗಿನ ಹೊತ್ತಿಗೆ ಬದಲಾಯಿಸಿದ ಮೇಲೆ ಚಳಿ ಎರಡು ಸಲ ದಾಖಲಾಗತೊಡಗಿತು. ಈ ಸುಳ್ಳು ಇಳಿಕೆಯನ್ನು ಸರಿಪಡಿಸಿದಾಗ ಏರಿಕೆ ಹೆಚ್ಚಿತು. ಸರಿಪಡಿಸಿದ ಪ್ರಮಾಣ ಸರಿಯೇ ಎಂದು ಕೇಳಿ. ಅದು ನ್ಯಾಯವಾದ ಪ್ರಶ್ನೆ. ನಿಮ್ಮಂತೆಯೇ ಶಂಕೆಯಿದ್ದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ‘ಬರ್ಕ್ಲಿ ಅರ್ಥ್’ ತಂಡ ಕಟ್ಟಿ ಮೂಲ ದಾಖಲೆಗಳಿಂದಲೇ ಲೆಕ್ಕ ಹಾಕಿದರು. ಏರಿಕೆ ನಿಜ, ಕಾರಣ ಬಹುಪಾಲು ಮನುಷ್ಯನೇ ಎಂದು 2012ರಲ್ಲಿ ಬರೆದರು. ಅವರ ಹೆಸರು ನಿಮ್ಮ ಲೇಖನದಲ್ಲಿ ಇರಲೇಬೇಕಿತ್ತು.

ಎರಡನೆಯ ವಾಕ್ಯ: ‘1998ರ ನಂತರ ಭೂಮಿ ಬಿಸಿಯಾಗಿಲ್ಲ.’ 1997–98ರಲ್ಲಿ ಪ್ರಬಲ ಎಲ್ ನಿನೊ, ಅಂದರೆ ಪೆಸಿಫಿಕ್ ಕಡಲು ಬಿಸಿಯೇರಿ ಜಗತ್ತಿನ ತಾಪವನ್ನೂ ಕೆಲಕಾಲ ಏರಿಸುವ ವಿದ್ಯಮಾನ, ಇತ್ತು. ಶಿಖರದ ಮೇಲೆ ನಿಂತು ಅಳೆಯಲು ಶುರುಮಾಡಿದರೆ ಮುಂದಿನದೆಲ್ಲ ಕೆಲವು ಕಾಲ ತಗ್ಗಾಗಿಯೇ ಕಾಣುತ್ತದೆ. ನೆಲದ ಠಾಣೆಗಳನ್ನು ನಂಬದಿದ್ದರೆ ಬೇಡ. ಶಂಕೆಯ ಪಾಳಯದಲ್ಲೇ ಗುರುತಿಸಿಕೊಂಡ ವಿಜ್ಞಾನಿಗಳಾದ ಜಾನ್ ಕ್ರಿಸ್ಟಿ, ರಾಯ್ ಸ್ಪೆನ್ಸರ್ ಸಿದ್ಧಪಡಿಸುವ ಉಪಗ್ರಹ ಸರಣಿಯಲ್ಲೂ 2024 ವರ್ಷವು 1998ನ್ನು ಮೀರಿದೆ. ಆ ಸರಣಿಯ ತಿಂಗಳ ಅಂಕಿಗಳನ್ನೇ ತೆಗೆದುಕೊಳ್ಳಿ. ಆರಂಭದ ವರ್ಷವನ್ನು 1979ರಿಂದ ಒಂದೊಂದೇ ಮುಂದೆ ಸರಿಸುತ್ತಾ ಪ್ರತಿ ಸಲವೂ ದಶಕಕ್ಕೆ ಎಷ್ಟು ಏರಿಕೆ ಎಂದು ಬರೆದಿಡಿ. ಅವಧಿ 30 ವರ್ಷಕ್ಕಿಂತ ಚಿಕ್ಕದಾದಂತೆ ಉತ್ತರ ಅತ್ತಿತ್ತ ಜಿಗಿಯತೊಡಗುತ್ತದೆ. ಒಂದೇ ಒಂದು ವರ್ಷದಿಂದ ಹೊರಟಾಗ ಮಾತ್ರ ನಿಲ್ಲುವ ವಾದವನ್ನು ನಾನು ಅಚ್ಚು ಮಾಡಲಾರೆ.

ನಿಮ್ಮ ಲೇಖನದ ಸೂರ್ಯನ ಭಾಗ, ಹಿಮಯುಗದ ಭಾಗಗಳ ಬಗ್ಗೆ ಈಗ ಮಾತಾಡುವುದಿಲ್ಲ.

ನಿಜವಾದ ಅನಿಶ್ಚಿತತೆ ಬೇಕಿದ್ದರೆ ಮೋಡಗಳ ಕಡೆ ಹೋಗಿ. ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಕೊನೆಗೆ ಎಷ್ಟು ಬಿಸಿಯೇರುತ್ತದೆ ಎಂಬುದಕ್ಕೆ ಅಮೆರಿಕದ ವಿಜ್ಞಾನಿಗಳ 1979ರ ಚಾರ್ನಿ ವರದಿ 1.5ರಿಂದ 4.5 ಡಿಗ್ರಿ ಸೆಲ್ಸಿಯಸ್ ಎಂದಿತ್ತು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2021ರ ವರದಿ 2.5ರಿಂದ 4 ಎಂದಿತು. ನಾಲ್ಕು ದಶಕ ದುಡಿದರೂ ಅಂತರ ಇಷ್ಟೇ ಕಿರಿದಾಗಿದೆ. ಬಿಸಿ ಕಡಲಿನ ಮೇಲೆ, ಬಿಸಿಲನ್ನು ಹಿಂದಕ್ಕೆ ಕಳಿಸುವ ತಗ್ಗಿನ ಮೋಡಗಳು ಎಷ್ಟು ಚದುರುತ್ತವೆ ಎಂಬುದು ಅದಕ್ಕೊಂದು ದೊಡ್ಡ ಕಾರಣ.

ಇದನ್ನು ಬರೆಯುವುದಾದರೆ ಮೂರನೇ ಪುಟವನ್ನು ಪೂರ್ತಿ ತೆಗೆದು ಮತ್ತೆ ಕಳಿಸಿ. ಪ್ರತಿ ನಕ್ಷೆಯ ಕೆಳಗೆ ಸರಣಿಯ ಹೆಸರು, ಆರಂಭದ ವರ್ಷ, ಯಾವ ಅವಧಿಯ ಸರಾಸರಿಗೆ ಹೋಲಿಸಿದ್ದೀರಿ, ಈ ಮೂರೂ ಇರಲಿ.