ಮ್ಯಾನಿಫೋಲ್ಡ್ ಬದಲಿಸಿದರೆ ಪಿಕಪ್ ಬರುತ್ತಾ?

ಪ್ರಶ್ನೆ: ನನ್ನ 1.2 ಲೀಟರ್ ಪೆಟ್ರೋಲ್ ಕಾರು 70,000 ಕಿ.ಮೀ. ಓಡಿದೆ. ಹೆಬ್ಬಾಳ ಫ್ಲೈಓವರ್ ಹತ್ತುವಾಗ ಎಳೆಯುವುದೇ ಇಲ್ಲ, ಸಿಗ್ನಲ್‌ನಲ್ಲಿ ಐಡ್ಲಿಂಗ್ ಏರಿಳಿಯುತ್ತದೆ. ಗಿಡ್ಡ ರನ್ನರ್‌ನ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಒಯ್ಯುವ ಭಾಗ; ರನ್ನರ್ ಎಂದರೆ ಅದರಲ್ಲಿ ಒಂದೊಂದು ಸಿಲಿಂಡರಿಗೆ ಹೋಗುವ ಪೈಪು), ಶಂಕುವಿನಾಕಾರದ ಕೋನ್ ಏರ್ ಫಿಲ್ಟರ್ ಹಾಕಿಸಿ ಅನ್ನುತ್ತಾರೆ ಗ್ಯಾರೇಜಿನವರು. ಹಾಕಿಸಲೇ?
– ಓದುಗರು, ರಾಜಾಜಿನಗರ

ಉತ್ತರ: ಬೇಡ. ನಿಮಗೆ ಎಳೆತ ಬೇಕಿರುವುದು 1,500ರಿಂದ 3,000 ಆರ್‌ಪಿಎಂನಲ್ಲಿ. ಗಿಡ್ಡ ರನ್ನರ್ ಅದನ್ನೇ ಕಿತ್ತುಕೊಳ್ಳುತ್ತದೆ.

ಸಿಲಿಂಡರಿಗೆ ಗಾಳಿ ಬಿಡುವ ವಾಲ್ವ್ ಮುಚ್ಚಿದಾಗ ರನ್ನರ್ ಪೈಪಿನಲ್ಲಿ ನುಗ್ಗಿ ಬರುತ್ತಿದ್ದ ಗಾಳಿ ಡಿಕ್ಕಿ ಹೊಡೆದು ಒತ್ತಡದ ಅಲೆ ಏಳುತ್ತದೆ. ಅದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ, ಎಲ್ಲ ರನ್ನರ್‌ಗಳಿಗೂ ಗಾಳಿ ಹಂಚುವ ಡಬ್ಬಿಯಾದ ಪ್ಲೆನಮ್‌ವರೆಗೆ ಹೋಗಿ ಬರುತ್ತದೆ. 40 ಸೆಂ.ಮೀ. ಪೈಪಿನಲ್ಲಿ ಒಂದು ಸುತ್ತಿಗೆ ಸುಮಾರು 2.4 ಮಿಲಿಸೆಕೆಂಡ್ ಸಾಕು. ಅಲೆ ಸರಿಯಾದ ಹೊತ್ತಿಗೆ ವಾಲ್ವ್ ಬಳಿ ಬಂದರೆ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತದೆ. ಆರ್‌ಪಿಎಂ ಕಡಿಮೆಯಿದ್ದಾಗ ವಾಲ್ವ್ ಮತ್ತೆ ತೆರೆಯುವುದು ತಡ. ಅಷ್ಟರಲ್ಲಿ ಗಿಡ್ಡ ಪೈಪಿನ ಅಲೆ ಹತ್ತಾರು ಸಲ ಬಡಿದಾಡಿ ಸೊರಗಿರುತ್ತದೆ. ಅದಕ್ಕೇ ಕಂಪನಿಯವರು ಉದ್ದ, ಸಣ್ಣ ಬಾಯಿಯ ರನ್ನರ್ ಕೊಟ್ಟಿರುತ್ತಾರೆ. ಗಿಡ್ಡದ್ದು 6,000 ಆರ್‌ಪಿಎಂ ಮುಟ್ಟುವ ರೇಸ್ ಟ್ರ್ಯಾಕಿಗೆ ಸರಿ, ಸಿಲ್ಕ್ ಬೋರ್ಡಿಗಲ್ಲ.

ಕೋನ್ ಫಿಲ್ಟರ್ ಸದ್ದು ಚೆನ್ನಾಗಿ ಮಾಡುತ್ತದೆ, ಅಷ್ಟೇ. ಬಾನೆಟ್ ಒಳಗಿನ ಬಿಸಿಗಾಳಿ ಎಳೆದರೆ ಪ್ರತಿ 10 ಡಿಗ್ರಿಗೆ ಶೇ 3ರಷ್ಟು ಸಾಂದ್ರತೆ ನಷ್ಟ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಮೊದಲೇ ಶೇ 8–9ರಷ್ಟು ತೆಳು.

ಐಡ್ಲಿಂಗ್ ಏರಿಳಿತಕ್ಕೆ ಮೊದಲ ಅನುಮಾನ ಗಾಳಿ ಲೀಕ್. ಪಿಸಿವಿ ಹೋಸ್ (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಮ್ಯಾನಿಫೋಲ್ಡಿಗೆ ಒಯ್ಯುವ ಪೈಪು), ಬ್ರೇಕ್ ಬೂಸ್ಟರ್ ಹೋಸ್ ಬಿರಿದಿವೆಯೇ ನೋಡಿ. ಆಮೇಲೆ ಒಳಗೆ ಹೊಗೆ ತುಂಬಿ ಲೀಕ್ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಹುಡುಕುವವರಿದ್ದಾರೆ, ಹಾಗೆ ಮಾಡಲು ಬಿಡಬೇಡಿ, ಬೆಂಕಿ ಹೊತ್ತೀತು. ಮ್ಯಾನಿಫೋಲ್ಡಿನ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ಹೊಸದೇ ಹಾಕಿಸಿ; ಸಿಲಿಕಾನ್ ಪೇಸ್ಟ್ ಬಳಿಯುವುದು ಬೇಡ, ಅದರ ಚೂರು ಒಳಗೆ ಹೋಗುತ್ತದೆ. ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೇ ಬಿಗಿಯಲಿ. ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಜಾಸ್ತಿ ಬಿಗಿದರೆ ಸೀಳುತ್ತದೆ. ಗಾಳಿಯ ಪ್ರಮಾಣ ನಿಯಂತ್ರಿಸುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದರೆ ಸ್ಕ್ಯಾನರ್‌ನಲ್ಲಿ ಐಡ್ಲ್ ರೀಲರ್ನ್ (ಐಡ್ಲಿಂಗ್ ಮಟ್ಟವನ್ನು ಎಂಜಿನ್ ಕಂಪ್ಯೂಟರಿಗೆ ಮತ್ತೆ ಕಲಿಸುವುದು) ಮರೆಯಬಾರದು.

ಆದರೆ ಫ್ಲೈಓವರಿನಲ್ಲಿ ಎಳೆಯದಿರುವುದಕ್ಕೆ ಇಷ್ಟು ಸಣ್ಣ ಲೀಕ್ ಕಾರಣವಾಗದು. ಮ್ಯಾನಿಫೋಲ್ಡಿನ ಗಾಳಿ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದ್ದರೆ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರ್ ನೋಡಿ: ಇಲ್ಲಿ ಸುಮಾರು 91 ಕಿಲೋಪ್ಯಾಸ್ಕಲ್ ತೋರಿಸಬೇಕು. ಸ್ಕ್ಯಾನರ್ ನೋಡಲು ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತಿದಾಗಲೂ ಹತ್ತಿರ ಹತ್ತಿರ ಅಷ್ಟೇ ಇರಬೇಕು. ಅದಕ್ಕಿಂತ 10 ಕಿಲೋಪ್ಯಾಸ್ಕಲ್ ಕಡಿಮೆಯಾದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಥ್ರಾಟಲ್ ಪೂರ್ತಿ ತೆರೆಯುತ್ತಿಲ್ಲ. ಅಳತೆ ಸರಿಯಿದ್ದೂ ಎಳೆಯದಿದ್ದರೆ ಮ್ಯಾನಿಫೋಲ್ಡ್ ಬಿಟ್ಟು ಕ್ಲಚ್, ಕ್ಯಾಟಲಿಟಿಕ್ ಕನ್ವರ್ಟರ್ ಪರೀಕ್ಷಿಸಿ.